ಮಿಡಿತವನ್ನು ಹರಡಿ ಗದ್ದಲವನ್ನು ತಗ್ಗಿಸುವ ಬಗೆ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಈ ಮೂರು ಊರುಗಳು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುಮಾರ್ಗದ ಮೇಲೆ ಒಂದರ ಹಿಂದೊಂದು ಬರುತ್ತವೆ. ಈ ಸೀಮೆಯಲ್ಲಿ ಮಧ್ಯತರಂಗದ ರೇಡಿಯೋವನ್ನು ಜೋಪಾನವಾಗಿ ಇಟ್ಟುಕೊಂಡಿರುವ ಮನೆಯವರು ಒಂದು ಸೋಜಿಗವನ್ನು ಚೆನ್ನಾಗಿ ಬಲ್ಲರು. ಊರಿನಲ್ಲಿ ವಿದ್ಯುತ್ತು ಇರುವವರೆಗೆ ಧಾರವಾಡದ ವಾರ್ತೆಯ ಹಿಂದೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಕೇಳುತ್ತಿರುತ್ತದೆ. ವಿದ್ಯುತ್ತು ಹೋಯಿತೆಂದರೆ, ಬ್ಯಾಟರಿಯ ಮೇಲೆ ನಡೆಯುವ ಅದೇ ರೇಡಿಯೋ ತೊಳೆದಿಟ್ಟಂತೆ ಸ್ವಚ್ಛವಾಗಿ ಮಾತನಾಡತೊಡಗುತ್ತದೆ. ದೀಪಗಳು ಮತ್ತೆ ಹೊತ್ತಿಕೊಂಡೊಡನೆ ಗುಂಯ್‌ಗಾರವೂ ಮರಳುತ್ತದೆ. ಇದರಿಂದ ಗದ್ದಲದ ಮೂಲವು ಆಕಾಶದ ಮಿಂಚಾಗಲಿ ರೇಡಿಯೋದ ದೋಷವಾಗಲಿ ಅಲ್ಲವೆಂದೂ, ನಮ್ಮ ಮನೆಗಳ ತಂತಿಗೆ ಜೋಡಿಸಿದ ಉಪಕರಣಗಳಲ್ಲಿಯೇ ಇರುವುದೆಂದೂ ಸ್ಪಷ್ಟವಾಗುತ್ತದೆ. ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು, ಕಂಪ್ಯೂಟರು ಇವೇ ಆ ಉಪಕರಣಗಳು. ಇವು ರೇಡಿಯೋದ ದಾರಿಗೆ ಅಡ್ಡಬರುವುದಾದರೂ ಹೇಗೆ, ಅದನ್ನು ತಗ್ಗಿಸಲು ಎಂಜಿನಿಯರುಗಳು ಹೂಡಿರುವ ಒಂದು ವಿಚಿತ್ರವಾದ ಯುಕ್ತಿ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಚಾರ್ಜರನ್ನೇ ತೆಗೆದುಕೊಳ್ಳೋಣ. ಹಳೆಯ ಕಾಲದಲ್ಲಿ ಮನೆಯ 230 ವೋಲ್ಟನ್ನು ಕೆಲವೇ ವೋಲ್ಟಿಗೆ ಇಳಿಸಲು ಕಬ್ಬಿಣದ ತಿರುಳಿನ ಭಾರವಾದ ಟ್ರಾನ್ಸ್‌ಫಾರ್ಮರು ಬೇಕಾಗುತ್ತಿತ್ತು. ಇಂದಿನ ಚಾರ್ಜರು ಅಂಗೈಯಲ್ಲಿ ಅಡಗುತ್ತದೆ. ಇದಕ್ಕೆ ಕಾರಣವೇನೆಂದರೆ, ಅದು ಬಂದ ವಿದ್ಯುತ್ತನ್ನು ಮೊದಲು ಸುಮಾರು 325 ವೋಲ್ಟಿನ ನೇರ ಪ್ರವಾಹವನ್ನಾಗಿ ಮಾಡಿಕೊಂಡು, ಬಳಿಕ ಒಂದು ಟ್ರಾನ್ಸಿಸ್ಟರಿನ ಮೂಲಕ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾದರೆ ಸಾಕು. ಕತ್ತರಿಸುವ ಈ ತಾಳವನ್ನು ಒಂದು ಚಿಕ್ಕ ಸ್ಪಂದಕವು ಹಾಕುತ್ತಿರುತ್ತದೆ. ಕಂಪ್ಯೂಟರಿನಲ್ಲಿಯೂ ಹೀಗೆಯೇ. ಅಲ್ಲಿ ಎಲ್ಲ ಮಂಡಲಗಳೂ ಒಂದೇ ಹೆಜ್ಜೆಯಲ್ಲಿ ನಡೆಯಲೆಂದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿಡಿಯುವ ಒಂದು ಸ್ಪಂದಕವಿರುತ್ತದೆ. ಇದನ್ನು 'ಕ್ಲಾಕ್' ಎಂದರೆ ಗಡಿಯಾರವೆಂದೇ ಕರೆಯುವರು, ಇದು ನಮಗೆ ವೇಳೆಯನ್ನು ತೋರಿಸುವ ಗಡಿಯಾರವಲ್ಲದಿದ್ದರೂ.

ಈ ಮಿಡಿತದ ಆಕಾರವು ಚೌಕಾಕೃತಿಯದು. ಥಟ್ಟನೆ ಮೇಲೇರಿ, ಅಲ್ಲಿ ಅರೆಕ್ಷಣ ನಿಂತು, ಥಟ್ಟನೆ ಕೆಳಗಿಳಿಯುತ್ತದೆ. ಎಲ್ಲ ತೊಂದರೆಗೂ ಮೂಲ ಇಲ್ಲಿದೆ. ಎಷ್ಟೇ ವಿಚಿತ್ರವಾದ ಆಕಾರವುಳ್ಳದ್ದಾದರೂ, ಮರಳಿ ಮರಳಿ ಬರುವ ಅಲೆಯನ್ನು ಹಲವು ಸರಳ ಅಲೆಗಳ ಮೊತ್ತವೆಂದು ಬಿಡಿಸಬಹುದೆಂಬುದನ್ನು ಫ್ರಾನ್ಸಿನ ಗಣಿತಜ್ಞ ಫೂರಿಯೇ ಉಷ್ಣದ ಪ್ರಸರಣವನ್ನು ಕುರಿತ ತನ್ನ 1822ರ ಗ್ರಂಥದಲ್ಲಿ ಪ್ರತಿಪಾದಿಸಿದನು. ತಂಬೂರಿಯ ಶ್ರುತಿಗೆ ಕಿವಿಗೊಟ್ಟವರಿಗೆ ಇದು ಹೊಸ ಮಾತಲ್ಲ. ಒಂದೇ ತಂತಿಯನ್ನು ಮೀಟಿದಾಗ ಮೂಲ ಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯ ಮೇಲಿನ ಸ್ವರಗಳೂ ಕೂಡಿಯೇ ಹೊಮ್ಮುತ್ತವೆ. ಧಾರವಾಡದ ಕಡೆಯ ಸಂಗೀತ ಬಲ್ಲವರ ಕಿವಿಗೆ ಅವು ಬಿಡಿಬಿಡಿಯಾಗಿ ಕೇಳುವುದೂ ಉಂಟು. ಚೌಕದ ಮಿಡಿತದಲ್ಲಿಯೂ ಇಂಥ ಮೇಲಿನ ಸ್ವರಗಳಿರುತ್ತವೆ. ಅದು ಸಮವಾದ ಚೌಕವಾಗಿದ್ದರೆ 3, 5, 7, 9 ಹೀಗೆ ಬೆಸ ಸಂಖ್ಯೆಯ ಪಟ್ಟಿನ ಆವೃತ್ತಿಗಳು ಮಾತ್ರ ಕಾಣುವುವು. ಅವುಗಳ ಬಲವು ಮೂಲದ ಮೂರನೆಯ ಒಂದು, ಐದನೆಯ ಒಂದು ಎಂದು ಇಳಿಯುತ್ತ ಹೋಗುವುದು. ಮುಂದೆ ಇವನ್ನು ಹಾರ್ಮೋನಿಕ್‌ಗಳೆಂದೇ ಕರೆಯೋಣ.

ಈಗ ಒಂದು ಲೆಕ್ಕ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಗೆ ಮಧ್ಯತರಂಗದಲ್ಲಿ ನಿಗದಿಯಾದ ಆವೃತ್ತಿ 765 ಕಿಲೋಹರ್ಟ್ಸ್. ನಮ್ಮಲ್ಲಿ ಮಧ್ಯತರಂಗದ ನಿಲಯಗಳನ್ನು 9 ಕಿಲೋಹರ್ಟ್ಸ್‌ಗಳ ಅಂತರದಲ್ಲಿ ಕೂರಿಸಲಾಗಿರುವುದರಿಂದ ಅವುಗಳ ಆವೃತ್ತಿಗಳೆಲ್ಲ 9ರಿಂದ ಭಾಗವಾಗುವ ಸಂಖ್ಯೆಗಳೇ. ಧಾರವಾಡದ್ದು 9ರ 85 ಪಟ್ಟು. ಮನೆಯ ಒಂದು ಚಾರ್ಜರು 85 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸುತ್ತಿದೆಯೆಂದು ಭಾವಿಸಿ. ಅದರ ಒಂಬತ್ತನೆಯ ಹಾರ್ಮೋನಿಕ್ ಎಲ್ಲಿ ಬೀಳುವುದು? ಸರಿಯಾಗಿ 765ರ ಮೇಲೆಯೇ! ಮೇಲೆ ಹೇಳಿದ 325 ವೋಲ್ಟಿನ ಸಮ ಚೌಕದಲ್ಲಿ ಈ ಹಾರ್ಮೋನಿಕ್ಕಿನ ಪಾಲು ಸುಮಾರು 23 ವೋಲ್ಟು ಆಗುತ್ತದೆ. ಚಾರ್ಜರಿನೊಳಗಿನ ಸೋಸುಮಂಡಲವು ಇದರ ಬಹುಭಾಗವನ್ನು ತಡೆದು ನಿಲ್ಲಿಸುವುದು ನಿಜ. ಆದರೆ ಲಕ್ಷದಲ್ಲಿ ಒಂದು ಪಾಲು ಮನೆಯ ತಂತಿಗೆ ಸೋರಿದರೂ ಅದು 0.23 ಮಿಲಿವೋಲ್ಟು. ರೇಡಿಯೋ ಹಿಡಿಯುವ ಅಲೆಗಳೇ ಮೀಟರಿಗೆ ಕೆಲವು ಮಿಲಿವೋಲ್ಟಿನ ಮಾತಾಗಿರುವಲ್ಲಿ, ಮನೆಯ ಗೋಡೆಗಳಲ್ಲೆಲ್ಲ ಹಬ್ಬಿ ಆಂಟೆನಾದಂತೆ ವರ್ತಿಸುವ ತಂತಿಗಳಿಂದ ಸೂಸುವ ಇಷ್ಟು ಸಣ್ಣ ಸೋರಿಕೆಯೂ ಉಪೇಕ್ಷಿಸತಕ್ಕದ್ದಲ್ಲ. ಹಾರ್ಮೋನಿಕ್ ಸರಿಯಾಗಿ 765ರಲ್ಲಿ ಬೀಳದೆ 767ರಲ್ಲಿ ಬಿದ್ದರೆ ಇನ್ನೂ ಕಿರಿಕಿರಿ. ಎರಡರ ಅಂತರವಾದ 2 ಕಿಲೋಹರ್ಟ್ಸ್‌ನ ಸಿಳ್ಳೆಯೊಂದು ವಾರ್ತೆಯುದ್ದಕ್ಕೂ ಕೇಳುತ್ತಿರುವುದು.

ಇಂಥ ಗದ್ದಲಕ್ಕೆ ಮಿತಿ ಹಾಕಬೇಕೆಂಬ ಯೋಚನೆ ಹೊಸದಲ್ಲ. ರೇಡಿಯೋ ಪ್ರಸಾರವು ಇನ್ನೂ ಎಳೆಯದಾಗಿದ್ದಾಗಲೇ, 1930ರ ದಶಕದ ಆರಂಭದಲ್ಲಿ, ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿಯು ಈ ಕೆಲಸಕ್ಕಾಗಿಯೇ ಹುಟ್ಟಿತು. ಯಾವ ಉಪಕರಣ ಎಷ್ಟು ಗದ್ದಲ ಮಾಡಬಹುದೆಂಬುದನ್ನಷ್ಟೇ ಅಲ್ಲದೆ ಆ ಗದ್ದಲವನ್ನು ಅಳೆಯುವ ವಿಧಾನವನ್ನೂ ಅದು ಗೊತ್ತುಮಾಡಿದೆ. ಅಳೆಯುವ ಯಂತ್ರವೂ ಒಂದು ಬಗೆಯ ರೇಡಿಯೋವೇ. ಅದು ಇಡೀ ರೋಹಿತವನ್ನು ಒಮ್ಮೆಗೇ ನೋಡದೆ, ಒಂದು ಗೊತ್ತಾದ ಅಗಲದ ಕಿಂಡಿಯ ಮೂಲಕ ಇಷ್ಟಿಷ್ಟಾಗಿ ನೋಡುತ್ತ ಸಾಗುತ್ತದೆ. 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಈ ಕಿಂಡಿಯ ಅಗಲ 9 ಕಿಲೋಹರ್ಟ್ಸ್. ಅಲ್ಲಿಂದ 1000 ಮೆಗಾಹರ್ಟ್ಸ್‌ವರೆಗೆ 120 ಕಿಲೋಹರ್ಟ್ಸ್. ಈ ಕಿಂಡಿಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಅದರ ಮೇಲೆಯೇ ನಿಂತಿದೆ.

ಗದ್ದಲವನ್ನು ತಗ್ಗಿಸುವ ಹಳೆಯ ಉಪಾಯಗಳು ಮೂರು: ಲೋಹದ ಕವಚ ತೊಡಿಸುವುದು, ಸೋಸುಮಂಡಲವನ್ನಿಡುವುದು, ತಂತಿಗಳ ಸುತ್ತುಗಳನ್ನು ಆದಷ್ಟು ಕಿರಿದಾಗಿಸುವುದು. ಇವೆಲ್ಲ ಒಳ್ಳೆಯವೇ; ಆದರೆ ತೂಕವನ್ನೂ ಬೆಲೆಯನ್ನೂ ಹೆಚ್ಚಿಸತಕ್ಕವು. ನಾಲ್ಕನೆಯ ಉಪಾಯ ಬೇರೆ ಜಾತಿಯದು. ಗಡಿಯಾರವು ಅಷ್ಟು ಕಟ್ಟುನಿಟ್ಟಾಗಿ ಒಂದೇ ಆವೃತ್ತಿಯಲ್ಲಿ ಮಿಡಿಯುವುದರಿಂದಲೇ ಅಲ್ಲವೆ ಅದರ ಶಕ್ತಿಯೆಲ್ಲ ಒಂದೇ ಬಿಂದುವಿನಲ್ಲಿ ಗುಡ್ಡೆಯಾಗುವುದು? ಹಾಗಾದರೆ ಮಿಡಿತವನ್ನು ಬೇಕೆಂದೇ ತುಸು ಅಲುಗಿಸಿದರೆ ಹೇಗೆ? ಗವಾಯಿಯು ಒಂದು ಸ್ವರವನ್ನು ನೇರವಾಗಿ ಹಿಡಿಯದೆ ಆಂದೋಲನ ಕೊಟ್ಟು ತೂಗುವಂತೆ, ಗಡಿಯಾರದ ಆವೃತ್ತಿಯನ್ನೂ ಒಂದು ಚಿಕ್ಕ ಪಟ್ಟಿಯೊಳಗೆ ಹಿಂದೆಮುಂದೆ ಜಾರಿಸುತ್ತಿರಬೇಕು, ಅಷ್ಟೆ. ಈ ಬಗೆಯ ಗಡಿಯಾರಕ್ಕೆ ಹರಡಿದ ರೋಹಿತದ ಗಡಿಯಾರ, ಸ್ಪ್ರೆಡ್ ಸ್ಪೆಕ್ಟ್ರಮ್ ಕ್ಲಾಕ್, ಎಂದು ಹೆಸರು. ಕಂಪ್ಯೂಟರಿನ ಮುದ್ರಣಯಂತ್ರಗಳನ್ನು ತಯಾರಿಸುವ ಅಮೆರಿಕದ ಲೆಕ್ಸ್‌ಮಾರ್ಕ್ ಸಂಸ್ಥೆಯ ಹಾರ್ಡಿನ್, ಫೆಸ್ಲರ್, ಬುಷ್ ಎಂಬ ಎಂಜಿನಿಯರುಗಳು 1994ರಲ್ಲಿ ಇದನ್ನು ಕುರಿತು ಪ್ರಕಟಿಸಿದ ಪ್ರಬಂಧವು ಈ ವಿಷಯದಲ್ಲಿ ಪ್ರಸಿದ್ಧವಾದುದು.

ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯನ್ನು ನೋಡಿದವರಿಗೆ ಇದರ ತತ್ತ್ವವನ್ನು ಹೇಳುವುದು ಸುಲಭ. ಚೀಲವನ್ನು ಒಂದೇ ಕಡೆ ಸುರಿದರೆ ಕೆಂಪನೆಯ ರಾಶಿ ಸೊಂಟದೆತ್ತರ ನಿಲ್ಲುತ್ತದೆ. ಅದನ್ನೇ ಒಣಗಲೆಂದು ಕಣದ ತುಂಬ ಹರವಿದರೆ ಪಾದ ಮುಳುಗುವಷ್ಟು ಮಾತ್ರ. ಕಾಯಿ ಒಂದೂ ಕಡಿಮೆಯಾಗಿಲ್ಲ, ತೂಕ ಅಷ್ಟೇ ಇದೆ, ಕಡಿಮೆಯಾದದ್ದು ಎತ್ತರ. ಮಿಡಿತವನ್ನು ಅಲುಗಿಸಿದಾಗಲೂ ಒಟ್ಟು ಶಕ್ತಿ ಹಾಗೆಯೇ ಉಳಿಯುತ್ತದೆ. ರೋಹಿತದಲ್ಲಿ ಅದರ ಶಿಖರ ಮಾತ್ರ ತಗ್ಗುತ್ತದೆ.

ನಮ್ಮ ಚಾರ್ಜರಿಗೇ ಇದನ್ನು ಹಚ್ಚಿ ನೋಡೋಣ. ಕತ್ತರಿಸುವ ಆವೃತ್ತಿಯನ್ನು 85ರ ಆಚೀಚೆ ನೂರಕ್ಕೆ 3ರಷ್ಟು ಅಲುಗಿಸಿದರೆ ಒಂಬತ್ತನೆಯ ಹಾರ್ಮೋನಿಕ್ 742ರಿಂದ 788 ಕಿಲೋಹರ್ಟ್ಸ್‌ವರೆಗೆ, ಎಂದರೆ ಸುಮಾರು 46 ಕಿಲೋಹರ್ಟ್ಸ್‌ಗಳಷ್ಟು ಹರಡುವುದು. ಈ ಪಟ್ಟಿಯಲ್ಲಿ ನಿಲಯಗಳಿಗೆ ಮೀಸಲಾದ ಜಾಗಗಳು 747, 756, 765, 774, 783 ಎಂದು ಐದು. ಮೊದಲು ಧಾರವಾಡವೊಂದರ ಮೇಲೆಯೇ ಬೀಳುತ್ತಿದ್ದ ಹೊರೆ ಈಗ ಐದಕ್ಕೂ ಹಂಚಿಹೋಗಿ, ಧಾರವಾಡದ ಪಾಲಿಗೆ ಐದನೆಯ ಒಂದರಷ್ಟು ಉಳಿಯಿತು. ಡೆಸಿಬೆಲ್ ಎಂಬ ಮಾನದಲ್ಲಿ ಇದು 7 ಡೆಸಿಬೆಲ್ಲಿನ ಇಳಿತ. ಅದೂ ಅಲ್ಲದೆ ಒಂದೇ ಶ್ರುತಿಯ ಸಿಳ್ಳೆಯು ಒಡೆದು ಮೊರದಲ್ಲಿ ಕಾಳು ಜರುಗಿಸಿದಂಥ ಸರಸರ ಸದ್ದಾಗುವುದು. ಕಿವಿಯು ಸಿಳ್ಳೆಗಿಂತ ಇದನ್ನು ಹೆಚ್ಚು ಸಹಿಸಿಕೊಳ್ಳುತ್ತದೆ. ಉಳಿದ ನಾಲ್ಕು ನಿಲಯಗಳನ್ನು ಕೇಳುವವರು ಏನೆನ್ನುವರು ಎಂದು ಚುರುಕಾದ ವಿದ್ಯಾರ್ಥಿಯೊಬ್ಬನು ಕೇಳಬಹುದು. ಅದು ಯೋಗ್ಯವಾದ ಪ್ರಶ್ನೆ. ಅದನ್ನು ಸ್ವಲ್ಪ ಹೊತ್ತು ಬದಿಗಿಡೋಣ.

ಕಂಪ್ಯೂಟರಿನಲ್ಲಿ ಆವೃತ್ತಿಗಳು ಬಹಳ ಮೇಲಿರುವುದರಿಂದ ಅಲುಗಾಟ ಕಡಿಮೆಯಿದ್ದರೂ ಲಾಭ ಹೆಚ್ಚು. 100 ಮೆಗಾಹರ್ಟ್ಸ್‌ನ ಗಡಿಯಾರವೊಂದನ್ನು ನೂರಕ್ಕೆ ಅರೆಪಾಲು, ಎಂದರೆ 99.5ರಿಂದ 100ರ ನಡುವೆ, ಜಾರಿಸುತ್ತಾರೆಂದು ಇಟ್ಟುಕೊಳ್ಳಿ. ಪಟ್ಟಿಯ ಅಗಲ 500 ಕಿಲೋಹರ್ಟ್ಸ್. ಈ ಜಾರುವಿಕೆಯು ಸೆಕೆಂಡಿಗೆ 31,250 ಸಲ ಮರುಕಳಿಸುತ್ತಿದ್ದರೆ, ಮೊದಲಿನ ಒಂದೇ ಗೆರೆಯ ಬದಲು 31.25 ಕಿಲೋಹರ್ಟ್ಸ್‌ಗಳ ಅಂತರದಲ್ಲಿ ಸುಮಾರು 16 ಗೆರೆಗಳು ಸಾಲುಗಟ್ಟಿ ನಿಲ್ಲುತ್ತವೆ. 120 ಕಿಲೋಹರ್ಟ್ಸ್‌ನ ಕಿಂಡಿಗೆ ಒಮ್ಮೆಗೆ ಕಾಣುವುದು ಇವುಗಳಲ್ಲಿ ನಾಲ್ಕು. ಆದ್ದರಿಂದ ಅಳೆದ ಶಕ್ತಿ ನಾಲ್ಕನೆಯ ಒಂದಾಯಿತು. ಇದು 6 ಡೆಸಿಬೆಲ್. ಐದನೆಯ ಹಾರ್ಮೋನಿಕ್ಕಿನಲ್ಲಿ ಪಟ್ಟಿಯೂ ಐದರಷ್ಟಾಗಿ 2500 ಕಿಲೋಹರ್ಟ್ಸ್ ಆಗುವುದರಿಂದ ಗೆರೆಗಳು 80, ಕಿಂಡಿಗೆ ಕಾಣುವುದು ಅದೇ ನಾಲ್ಕು. ಶಕ್ತಿ ಇಪ್ಪತ್ತನೆಯ ಒಂದು, ಇಳಿತ 13 ಡೆಸಿಬೆಲ್. ಮೇಲೆ ಹೋದಷ್ಟೂ ಔಷಧಿಯ ಗುಣ ಹೆಚ್ಚುತ್ತದೆಂಬುದು ಈ ಉಪಾಯದ ವಿಶೇಷ. ಕವಚದ ಸಂದುಗಳಿಂದ ಅಲೆಗಳು ನುಸುಳಿಕೊಳ್ಳುವುದೂ ಮೇಲಿನ ಆವೃತ್ತಿಗಳಲ್ಲಿಯೇ ಹೆಚ್ಚಾದ್ದರಿಂದ, ಬೇಕಾದಲ್ಲಿಯೇ ಬಲ ಒದಗಿದಂತಾಯಿತು.

ಸೆಕೆಂಡಿಗೆ ಮೂವತ್ತು ಚಿಲ್ಲರೆ ಸಾವಿರ ಸಲವೆಂಬುದು ಎಲ್ಲಿಂದ ಬಂದಿತು? ನಿಧಾನವಾಗಿ ಅಲುಗಿಸಿದರೆ ಆಗದೆ? ಆಗದು, ಇದರ ಕಾರಣವನ್ನು ತಿಳಿದರೆ ವಿಷಯದ ತಿರುಳೇ ತಿಳಿದಂತೆ. 120 ಕಿಲೋಹರ್ಟ್ಸ್ ಅಗಲದ ಗ್ರಾಹಕಕ್ಕೆ ಒಂದು ಸಂಕೇತವು ಪೂರ್ತಿ ಎಟುಕಬೇಕಾದರೆ ಆ ಸಂಕೇತವು ಕಿಂಡಿಯಲ್ಲಿ ಸುಮಾರು 8 ಮೈಕ್ರೊಸೆಕೆಂಡುಗಳಾದರೂ ನಿಲ್ಲಬೇಕು. ನಮ್ಮ ಗಡಿಯಾರವು 500 ಕಿಲೋಹರ್ಟ್ಸ್‌ನ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ 16 ಮೈಕ್ರೊಸೆಕೆಂಡುಗಳಲ್ಲಿ ದಾಟುವುದರಿಂದ, ಕಿಂಡಿಯ ಮುಂದೆ ಅದು ಹಾಯ್ದುಹೋಗುವುದು 4 ಮೈಕ್ರೊಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಗ್ರಾಹಕವು ತಲೆಯೆತ್ತುವಷ್ಟರಲ್ಲಿ ಅತಿಥಿ ಹೊರಟುಹೋಗಿರುತ್ತಾನೆ. ಇದಕ್ಕೆ ಬದಲು ಸೆಕೆಂಡಿಗೆ 50 ಸಲ ಮಾತ್ರ ಅಲುಗಿಸಿದ್ದರೆ, ಕಿಂಡಿಯನ್ನು ದಾಟಲು 2 ಮಿಲಿಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಅಷ್ಟರಲ್ಲಿ ಗ್ರಾಹಕವು ಅದರ ಪೂರ್ಣ ಬಲವನ್ನು ಕಂಡುಬಿಡುತ್ತಿತ್ತು. ಸರಾಸರಿ ಶಕ್ತಿ ಕಡಿಮೆಯೆಂದು ಕಾಗದದ ಮೇಲೆ ತೋರಿದರೂ ಶಿಖರ ತಗ್ಗುತ್ತಿರಲಿಲ್ಲ. ಕಿವಿಗೆ ಕೇಳುವ ವ್ಯಾಪ್ತಿ 20 ಕಿಲೋಹರ್ಟ್ಸ್‌ಗೆ ಮುಗಿಯುವುದರಿಂದ ಅದಕ್ಕಿಂತ ಮೇಲಿರಬೇಕೆಂಬುದೂ ಒಂದು ಕಾರಣ. ಇಲ್ಲವಾದರೆ ಅಲುಗಾಟವೇ ಹೊಸದೊಂದು ಸದ್ದಾಗಿ ಧ್ವನಿಮಂಡಲಗಳಲ್ಲಿ ಕೇಳಿಸೀತು. ಚಾರ್ಜರುಗಳಲ್ಲಿ ಅಲುಗಾಟದ ವೇಗವು ಎಷ್ಟೋ ಸಲ ಇದಕ್ಕಿಂತ ಬಹಳ ಕಡಿಮೆಯಾಗಿರುವುದರಿಂದ, ಅವುಗಳ ಬಳಿ ಇಟ್ಟ ಮಧ್ಯತರಂಗದ ರೇಡಿಯೋ ಸಿಳ್ಳೆಯನ್ನು ಬಿಟ್ಟು ಗುರುಗುಟ್ಟುವುದನ್ನು ಹಿಡಿಯುವುದುಂಟು.

ಇನ್ನು ತೀರ ಬೇಗನೆಯೂ ಅಲುಗಿಸಲಾಗದು. ಈ ಗಡಿಯಾರದ ತಾಳಕ್ಕೆ ಹೆಜ್ಜೆಹಾಕುವ ಮುಂದಿನ ಮಂಡಲಗಳು ಆ ಜಾರುವಿಕೆಯನ್ನು ಹಿಂಬಾಲಿಸಲು ಶಕ್ತವಾಗಿರಬೇಕು. ಗೆರೆಗಳ ಅಂತರ ಹೆಚ್ಚಿ ಸಂಖ್ಯೆ ಕಡಿಮೆಯಾಗುವುದೂ ನಷ್ಟವೇ. ಆದುದರಿಂದ ಕಂಪ್ಯೂಟರಿನ ಒಳದಾರಿಗಳಾದ ಪಿಸಿಐ ಎಕ್ಸ್‌ಪ್ರೆಸ್, ಸಾಟಾ, ಯುಎಸ್‌ಬಿ 3 ಮೊದಲಾದವುಗಳ ನಿಯಮಗಳಲ್ಲಿ 30ರಿಂದ 33 ಕಿಲೋಹರ್ಟ್ಸ್ ಎಂದು ಗೊತ್ತುಮಾಡಿರುವರು.

ಜಾರುವ ರೀತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ನಡುವೆ ಅದು ರಭಸದಿಂದ ಹಾಯುತ್ತದೆ, ಎರಡು ತುದಿಗಳಲ್ಲಿ ಒಂದು ಗಳಿಗೆ ತಡೆದು ನಿಂತಂತಾಗುತ್ತದೆ. ಆವೃತ್ತಿಯನ್ನೂ ಜೋಕಾಲಿಯಂತೆ ಸರಳ ಚಲನೆಯಲ್ಲಿ ತೂಗಿದರೆ ಅದು ತುದಿಗಳಲ್ಲಿ ಹೆಚ್ಚು ಹೊತ್ತು ಕಳೆಯುವುದರಿಂದ ಅಲ್ಲಿ ಎರಡು ಕೊಂಬುಗಳೇಳುತ್ತವೆ. ಕಣದ ಮೆಣಸಿನಕಾಯಿ ನಡುವೆ ತೆಳುವಾಗಿ ಅಂಚಿನಲ್ಲಿ ದಪ್ಪವಾದಂತೆ. ಒಂದೇ ವೇಗದಲ್ಲಿ ಏರಿಳಿಯುವ ತ್ರಿಕೋಣಾಕಾರದ ಚಲನೆ ಇದಕ್ಕಿಂತ ಮೇಲು. ಆದರೂ ಅಂಚಿನ ಉಬ್ಬು ಪೂರ್ತಿಯಾಗಿ ಹೋಗುವುದಿಲ್ಲ. ಲೆಕ್ಸ್‌ಮಾರ್ಕಿನವರು ತುದಿಗಳನ್ನು ಇನ್ನಷ್ಟು ಚುರುಕಾಗಿ ಮುಟ್ಟಿ ಮರಳುವಂತೆ ವಕ್ರರೇಖೆಯೊಂದನ್ನು ಬಾಗಿಸಿದರು. ಅದನ್ನು ನಕ್ಷೆಯಲ್ಲಿ ಬರೆದರೆ ಅಮೆರಿಕದಲ್ಲಿ ಮಕ್ಕಳು ತಿನ್ನುವ ಹರ್ಷಿಯ ಚಾಕೊಲೇಟಿನ ಗೋಪುರದಂತೆ ಕಾಣುವುದೆಂದು ಎಂಜಿನಿಯರುಗಳು ಅದಕ್ಕೆ ಆ ಮಿಠಾಯಿಯ ಹೆಸರನ್ನೇ ಇಟ್ಟಿರುವರು.

ಇದನ್ನು ಮಾಡಿಸುವ ಮಂಡಲವನ್ನು ಸಂಕ್ಷೇಪವಾಗಿ ಹೇಳಬಹುದು. 25 ಮೆಗಾಹರ್ಟ್ಸ್‌ನ ಒಂದು ಸ್ಫಟಿಕವು ನಿಷ್ಠೆಯಿಂದ ಮಿಡಿಯುತ್ತಿರುತ್ತದೆ. ಅದರ ಬದಿಯಲ್ಲಿ, ಕೊಟ್ಟ ವೋಲ್ಟೇಜಿಗೆ ತಕ್ಕಂತೆ ಆವೃತ್ತಿ ಬದಲಿಸುವ ಇನ್ನೊಂದು ಸ್ಪಂದಕವಿದೆ. ಎರಡನೆಯದರ ಆವೃತ್ತಿಯನ್ನು 4ರಿಂದ ಭಾಗಿಸಿ ಸ್ಫಟಿಕದೊಡನೆ ಹೋಲಿಸುತ್ತಾರೆ. ವ್ಯತ್ಯಾಸ ಕಂಡರೆ ವೋಲ್ಟೇಜು ತಿದ್ದಿಕೊಳ್ಳುತ್ತದೆ. ಹೀಗೆ 100 ಮೆಗಾಹರ್ಟ್ಸ್ ಹುಟ್ಟುತ್ತದೆ. ಭಾಜಕವನ್ನು 4ರಿಂದ 3.98ರವರೆಗೆ ಮೆಲ್ಲನೆ ಇಳಿಸಿ ಏರಿಸುತ್ತಿದ್ದರೆ ಗಡಿಯಾರವೂ 100ರಿಂದ 99.5ಕ್ಕೆ ಇಳಿದೇರುತ್ತದೆ. ಆವೃತ್ತಿಯನ್ನು 100ರ ಮೇಲಕ್ಕೆ ಹೋಗಗೊಡದೆ ಕೆಳಕ್ಕೆ ಮಾತ್ರ ಜಾರಿಸುವುದಕ್ಕೆ ಕಾರಣವುಂಟು. ಮಂಡಲದ ಪ್ರತಿಯೊಂದು ಕೆಲಸಕ್ಕೂ ಒಂದು ಕನಿಷ್ಠ ಕಾಲ ಬೇಕು. ಮಿಡಿತಗಳು ಅದಕ್ಕಿಂತ ಒತ್ತೊತ್ತಾಗಿ ಬಂದರೆ ಲೆಕ್ಕ ತಪ್ಪುತ್ತದೆ, ನಿಧಾನವಾದರೆ ಏನೂ ಕೆಡುವುದಿಲ್ಲ. ಇದರಿಂದ ಕಂಪ್ಯೂಟರಿನ ಸರಾಸರಿ ವೇಗವು ನೂರಕ್ಕೆ ಕಾಲುಭಾಗದಷ್ಟು ಕುಗ್ಗುವುದು. ಯಾರ ಗಮನಕ್ಕೂ ಬಾರದಷ್ಟು. ಗೋಡೆಯ ಗಡಿಯಾರದಂತೆ ವೇಳೆಯನ್ನು ಇಡುವ ಕೆಲಸಕ್ಕೆ ಸೆಕೆಂಡಿಗೆ 32,768 ಸಲ ಮಿಡಿಯುವ ಬೇರೊಂದು ಸ್ಫಟಿಕವಿರುವುದರಿಂದ ವೇಳೆ ಕೆಡುವ ಭಯವೂ ಇಲ್ಲ.

ಈಗ ಬದಿಗಿಟ್ಟ ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ. ಶಕ್ತಿ ಒಂದಿಷ್ಟೂ ಕಡಿಮೆಯಾಗದಿರುವಾಗ ಇದನ್ನು ಗದ್ದಲದ ನಿವಾರಣೆಯೆನ್ನಬಹುದೆ, ಅಥವಾ ಇದು ಅಳೆಯುವ ಯಂತ್ರದ ಕಣ್ಣಿಗೆ ಮಣ್ಣೆರಚುವ ಚಮತ್ಕಾರವೆ? ಈ ಉಪಾಯ ಬಳಕೆಗೆ ಬಂದಂದಿನಿಂದ ಈ ವಾದ ನಡೆದೇ ಇದೆ. ಒಂದು ಹಿಡಿ ಮೆಣಸಿನಕಾಯಿಯನ್ನು ಒಂದೇ ಮನೆಯ ಒಲೆಗೆ ಹಾಕಿದರೆ ಮನೆಯವರು ಕೆಮ್ಮಿ ಹೊರಗೆ ಓಡುತ್ತಾರೆ. ಅದನ್ನೇ ಹದಿನಾರು ಮನೆಗಳ ಒಲೆಗೆ ಹಂಚಿದರೆ ಒಬ್ಬೊಬ್ಬರು ಒಂದೊಂದು ಸಲ ಸೀನಿ ಸುಮ್ಮನಾಗಬಹುದು. ಹೀಗಿರುವಲ್ಲಿ, ಗದ್ದಲಕ್ಕೆ ಸಿಕ್ಕುವವನು ಯಾರು ಎಂಬುದರ ಮೇಲೆ ಉತ್ತರ ನಿಂತಿದೆ ಎಂಬುದು ನಮ್ಮ ಅಭಿಪ್ರಾಯ. ಧಾರವಾಡವನ್ನು ಕೇಳುವ ರೇಡಿಯೋದ ಕಿಂಡಿ ಕಿರಿದಾದದ್ದು. ಹರಡಿದ ಗದ್ದಲದ ಸಣ್ಣ ಪಾಲು ಮಾತ್ರ ಅದರೊಳಗೆ ಬರುತ್ತದೆ. ಅದಕ್ಕೆ ನಿಜವಾಗಿಯೂ ಲಾಭವಿದೆ. ಆದರೆ ಹಲವು ಮೆಗಾಹರ್ಟ್ಸ್ ಅಗಲದ ಕಿಂಡಿಯುಳ್ಳ ಟೆಲಿವಿಷನ್ನಿನಂಥ ಗ್ರಾಹಕಕ್ಕೆ 500 ಕಿಲೋಹರ್ಟ್ಸ್‌ನ ಹರಹು ಏನೂ ಅಲ್ಲ. ರಾಶಿಯಾದರೂ ಹರವಿದ್ದಾದರೂ ಎಲ್ಲವೂ ಅದರ ಅಂಗಳದಲ್ಲಿಯೇ ಬೀಳುವುದು. ಮೊದಲು ಕೂದಲೆಳೆಯ ಆಚೆ ಇದ್ದ ಗೆರೆಯು ಹರಡಿದ ಬಳಿಕ ಯಾವುದೋ ಗ್ರಾಹಕದ ದಾರಿಗೆ ಹೊಸದಾಗಿ ಅಡ್ಡಬರುವ ಸಂಭವವೂ ಇದೆ. ಒಂದು ಮನೆಯಲ್ಲಿ ಒಂದೇ ಚಾರ್ಜರಿದ್ದ ಕಾಲಕ್ಕೂ ಪ್ರತಿಯೊಂದು ಕೋಣೆಯಲ್ಲಿ ಮೂರು ನಾಲ್ಕು ಉಪಕರಣಗಳಿರುವ ಈ ಕಾಲಕ್ಕೂ ವ್ಯತ್ಯಾಸವಿದೆ. ಎಲ್ಲರೂ ತಮ್ಮ ಗದ್ದಲವನ್ನು ತೆಳುವಾಗಿ ಹರವುತ್ತ ಹೋದರೆ ಆ ತೆಳು ಪದರಗಳೇ ಒಂದರ ಮೇಲೊಂದು ಕೂಡಿ ದಪ್ಪವಾಗದೆ ಇರಲಾರವು. ಆದ್ದರಿಂದ ಕವಚ, ಸೋಸುಮಂಡಲ, ಒಪ್ಪವಾದ ತಂತಿಜೋಡಣೆ ಇವುಗಳನ್ನು ಮೊದಲು ಮಾಡಿ, ಉಳಿದ ಸ್ವಲ್ಪಕ್ಕೆ ಈ ಉಪಾಯವನ್ನು ಬಳಸುವ ಎಂಜಿನಿಯರನ್ನು ನಾವು ಮೆಚ್ಚುತ್ತೇವೆ. ಸೋಸುಮಂಡಲದ ನಾಲ್ಕು ಕಾಸು ಉಳಿಸಲೆಂದು ಇದನ್ನೇ ನೆಚ್ಚಿಕೊಳ್ಳುವವನನ್ನು ಮೆಚ್ಚಲಾರೆವು.

ಹೆಚ್ಚು ನಿಖರತೆ ಬೇಡುವೆಡೆಗಳಲ್ಲಂತೂ ಇದಕ್ಕೆ ಪ್ರವೇಶವೇ ಇಲ್ಲ. ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಕೂಡಿಸುವ ಈಥರ್ನೆಟ್ಟಿನಲ್ಲಿ ಆವೃತ್ತಿಯು ಹತ್ತು ಲಕ್ಷಕ್ಕೆ 100 ಪಾಲಿಗಿಂತ ಹೆಚ್ಚು ಆಚೀಚೆಯಾಗಕೂಡದು. ನೂರಕ್ಕೆ ಅರೆಪಾಲು ಎಂದರೆ ಹತ್ತು ಲಕ್ಷಕ್ಕೆ 5000! ಹೀಗಾಗಿ ಒಂದೇ ಪೆಟ್ಟಿಗೆಯೊಳಗೆ ಅಲುಗುವ ಗಡಿಯಾರವೂ ಅಲುಗದ ಗಡಿಯಾರವೂ ಒಟ್ಟಿಗೆ ನಡೆಯುತ್ತಿರುತ್ತವೆ.

ವಿದ್ಯಾರ್ಥಿಗಳು ಇದರ ಅರ್ಧದಷ್ಟನ್ನು ಮನೆಯಲ್ಲಿಯೇ ಕಿವಿಯಿಂದ ಪರೀಕ್ಷಿಸಬಹುದು. ಬ್ಯಾಟರಿಯಿಂದ ನಡೆಯುವ ಮಧ್ಯತರಂಗದ ರೇಡಿಯೋವನ್ನು ಯಾವ ನಿಲಯವೂ ಇಲ್ಲದ ಜಾಗಕ್ಕೆ ತಿರುಗಿಸಿ, ಮನೆಯ ಬೇರೆಬೇರೆ ಚಾರ್ಜರುಗಳನ್ನು ಒಂದೊಂದಾಗಿ ಹಾಕಿ, ರೇಡಿಯೋವನ್ನು ಅವುಗಳಿಂದ ಒಂದು ಗೇಣು, ಒಂದು ಮೊಳ, ಒಂದು ಮಾರು ದೂರದಲ್ಲಿ ಹಿಡಿದು ಕೇಳಿರಿ. ಯಾವ ಉಪಕರಣವನ್ನೂ ಬಿಚ್ಚುವ ಅಗತ್ಯವಿಲ್ಲ, ಬಿಚ್ಚಲೂ ಬಾರದು. ಒಳಗಿರುವುದು 325 ವೋಲ್ಟು. ರೇಡಿಯೋದ ಮುಳ್ಳನ್ನು ಮೆಲ್ಲನೆ ಸರಿಸುತ್ತ ಹೋದಾಗ ಗದ್ದಲವು ಸಮಾನ ಅಂತರಗಳಲ್ಲಿ ಎದ್ದೆದ್ದು ಅಡಗಿದರೆ, ಆ ಅಂತರವೇ ಚಾರ್ಜರು ಕತ್ತರಿಸುವ ಆವೃತ್ತಿ. ಶಿಖರಗಳು ಚೂಪಾಗಿ ಸಿಳ್ಳೆಯಂತೆ ಕೇಳಿದರೆ ಅದರ ಮಿಡಿತ ಸ್ಥಿರವೆಂದೂ, ಅಗಲವಾಗಿ ಸರಸರವೆಂದೋ ಗುರುಗುರುವೆಂದೋ ಕೇಳಿದರೆ ಮಿಡಿತ ಅಲುಗುತ್ತಿದೆಯೆಂದೂ ಊಹಿಸಬಹುದು. ಮೇಲಕ್ಕೆ ಹೋದಂತೆ ಶಿಖರಗಳು ಅಗಲವಾಗುತ್ತ ಬಂದರಂತೂ ಊಹೆಗೆ ಪುಷ್ಟಿ ದೊರೆಯಿತು. ಬಳಿಕ ಧಾರವಾಡವನ್ನು ಹಿಡಿದು, ರೇಡಿಯೋವನ್ನು ನೆಟ್ಟಗಿರಿಸಿ ನಿಂತಲ್ಲಿಯೇ ಮೆಲ್ಲನೆ ಸುತ್ತಿಸಿರಿ. ಒಳಗಿನ ಫೆರೈಟ್ ದಂಡವು ಗದ್ದಲದ ಮೂಲಕ್ಕೆ ಒಂದು ಗೊತ್ತಾದ ಕೋನದಲ್ಲಿ ನಿಂತಾಗ ಗುಂಯ್‌ಗಾರವು ಬಹಳಮಟ್ಟಿಗೆ ಇಳಿದು, ವಾರ್ತೆ ಓದುವವರ ಧ್ವನಿ ಮೇಲೆ ಬರುವುದು.